ವೀರಭದ್ರ ಸಿಟ್ಟಾದ ದೀಪಾವಳಿ

ವೀರಭದ್ರನಿಗೆ ಸಿಟ್ಟು ಬರುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದ ಗಂಡಸಿಗೆ ಇದೊಂದು ದೊಡ್ಡ ಕೊರತೆ ಎಂದು ಅಲ್ಲಿಯವರೆಗೆ ಅವನಿಗೆ ಯಾರೂ ಹೇಳಿರಲಿಲ್ಲ. ಬಸವಕಲ್ಯಾಣದ ಟ್ರ್ಯಾಕ್ಟರ್ ಅಂಗಡಿಯೊಂದರಲ್ಲಿ ಬಿಡಿಭಾಗದ ಕೌಂಟರಿನ ಹಿಂದೆ ಅವನ ನೌಕರಿ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತ ರೈತರು ಬಂದು ಅವನನ್ನು, ಅವನ ಕಂಪನಿಯನ್ನು, ಕೊನೆಗೆ ಅವನ ಮುತ್ತಜ್ಜನನ್ನೂ ಬೈದು ಹೋಗುತ್ತಿದ್ದರು. ಅವನು ಬೇರಿಂಗಿನ ನಂಬರು ಬರೆದುಕೊಂಡು, "ನಾಳಿ ಬರ್ತದ್ರಿ ಅಣ್ಣಾರ. ಚಹಾ ಕುಡೀತೀರೇನ್ರಿ?" ಎನ್ನುತ್ತಿದ್ದ. ಅವರು ಇನ್ನಷ್ಟು ಬೈದು, ಚಹಾ ಕುಡಿದು ಹೋಗುತ್ತಿದ್ದರು.

ಇಂಥವನನ್ನು ಅವನ ಪಾಡಿಗೆ ಬಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತೋ ದೇವರಿಗೇ ಗೊತ್ತು. ಆದರೆ ನಮ್ಮ ಮನೆತನಗಳಲ್ಲಿ ಒಬ್ಬ ಕಾಕಾ ಇದ್ದೇ ಇರುತ್ತಾನಲ್ಲ. ಮಾಡಲು ಬೇರೆ ಕೆಲಸವಿಲ್ಲದ, ಕೇಳದಿದ್ದರೂ ಹೇಳುವ, ಹೇಳಿದ್ದನ್ನು ಇನ್ನೊಬ್ಬರು ಮಾಡಿ ಕೆಟ್ಟಾಗ ಮೀಸೆಯಲ್ಲಿ ನಗುವ ಕಾಕಾ. ವೀರಭದ್ರನ ಪಾಲಿಗೆ ಬಂದ ಕಾಕಾನ ಹೆಸರು ಮಹಾರುದ್ರಪ್ಪ. ವೀರಭದ್ರನ ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನವನ್ನು ಯಾರೂ ಕೊಡದೆಯೇ ತೆಗೆದುಕೊಂಡವರು. ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ, ಮೈಕಿನಲ್ಲಿ ಪ್ರತಿ ಬಸ್ಸಿನ ಸುದ್ದಿಯನ್ನೂ ಎರಡೆರಡು ಸಲ ಸಾರಿ ಸಾರಿ, ನಿವೃತ್ತಿಯಾದ ಮೇಲೂ ಆ ಚಟ ಬಿಡದವರು.

ದೀಪಾವಳಿಗೆ ಇನ್ನು ಮೂರು ದಿನ ಇರುವಾಗ ಅವರು ಬಂದು ಕಟ್ಟೆಯ ಮೇಲೆ ಕುಳಿತರು.

"ಸಿಟ್ಟಾಗಾಕ ಬರ್ತದೇನು ನಿನಗ? ಸಿಟ್ಟಾಗಾಕ ಬರ್ತದೇನು?"

"ಯಾರ ಮ್ಯಾಲ್ರಿ ಕಾಕಾ?"

"ಯಾರ ಮ್ಯಾಲ ಅಂತಲ್ಲೋ. ಹುಮನಾಬಾದಿಗಿ ಹೊಂಟೀದಿ, ಅತ್ತಿಮನಿಗಿ. ಲಗ್ನ ಆದ ಮ್ಯಾಲಿನ ಮೊದಲನೇ ದೀವಳಿಗಿ. ಅಳಿಯ ಆದವ ಒಮ್ಮೆ ಸಿಟ್ಟಾಗಿ ಮಾರಿ ತಿರುವಿ ಕೂಡಲೇಬೇಕು. ಅದು ಮಾನಪಾನದ ಮಾತು. ಸಿಟ್ಟಾಗದ ಅಳಿಯಗ ಮುಂದ ನಾಯಿ ಸುದ್ದಾ ಕಿಮ್ಮತ್ತು ಕೊಡಂಗಿಲ್ಲ, ನಾಯಿ ಸುದ್ದಾ ಕೊಡಂಗಿಲ್ಲ."

"ಅಲ್ಲಿ ಎಲ್ಲಾರೂ ನನ್ನ ಛಲೋ ನೋಡ್ಕೋತಾರ್ರಿ ಕಾಕಾ."

"ಅದಕ್ಕೇ ಅಂತೀನಿ."

ನಂತರ ನಿಯಮಗಳು ಬಂದವು. ಹಬ್ಬದ ದೊಡ್ಡ ಊಟದ ಹೊತ್ತಿಗೇ ಸಿಟ್ಟಾಗಬೇಕು. ಚಹಾದ ಹೊತ್ತಿನ ಸಿಟ್ಟಿಗೆ ತೂಕವಿಲ್ಲ. ಮೊದಲು ಏನು ತಂದು ಕೊಟ್ಟರೂ ಬೇಡ ಅನ್ನಬೇಕು. ಎಲ್ಲಕ್ಕಿಂತ ಮುಖ್ಯ, ಸತ್ತರೂ ಕಾರಣ ಹೇಳಬಾರದು. "ಕಾರಣ ಹೇಳಿದಿ ಅಂದ್ರ ಸಿಟ್ಟಿನ ಕಥಿ ಮುಗೀತು. 'ಏನಿಲ್ಲ' ಅನ್ನು. ಅಷ್ಟೇ. ಏನಿಲ್ಲ, ಏನಿಲ್ಲ." ಮಹಾರುದ್ರಪ್ಪನವರು ತಮ್ಮ ಮೊದಲ ದೀಪಾವಳಿಗೆ ಹಳ್ಳಿಖೇಡದ ಮಾವನ ಮನೆಯಲ್ಲಿ ಒಂದೂವರೆ ದಿನ ಗೋಡೆಗೆ ಮುಖ ಮಾಡಿ ಕುಳಿತು ರೇಡಿಯೋ ಗೆದ್ದವರಂತೆ. ಅದು ಒಂದು ದಿನವೂ ಹಾಡಲಿಲ್ಲ ಎಂಬುದು ಬೇರೆ ಮಾತು.

ಒಳಗಿನಿಂದ ವೀರಭದ್ರನ ಅವ್ವ ಕೂಗಿ ಹೇಳಿದಳು. "ಆ ಮಾತು ಕೇಳ್ಕೋತ ಕೂಡಬ್ಯಾಡ. ಪಾಡ್ಯದ ದಿನ ಹನ್ನೆರಡರ ಒಳಗ ಸೊಸೀನ ಕರ್ಕೊಂಡು ಮನ್ಯಾಗ ಇರಬೇಕು. ಆಕೀದು ಮೊದಲನೇ ಪಾಡ್ಯದ ಆರತಿ. ಓಣ್ಯಾಗಿನ ಐದು ಮಂದಿ ಮುತ್ತೈದೇರಿಗಿ ಹೇಳಿ ಬಂದೀನಿ. ಅವರ ಮುಂದ ನನ್ನ ಮಾರಿ ಕೆಳಗ ಮಾಡಬ್ಯಾಡ."

ಇಷ್ಟೇ ಅವನ ಮೇಲಿದ್ದ ಹೊಣೆ. ಹೋಗುವುದು, ಉಣ್ಣುವುದು, ಪಾಡ್ಯದ ಮಧ್ಯಾಹ್ನದೊಳಗೆ ಹೆಂಡತಿಯನ್ನು ಕರೆದುಕೊಂಡು ಬರುವುದು. ಮೂರನೆಯ ತರಗತಿಯ ಹುಡುಗನೂ ಮಾಡಬಹುದಾದ ಕೆಲಸ. ಅದರ ನಡುವೆ ಈ ಸಿಟ್ಟೊಂದು ತಂದು ಸಿಗಿಸಿದರು ನೋಡಿ, ಅಲ್ಲಿಗೆ ಕೆಟ್ಟಿತು.

ಹುಮನಾಬಾದಿನ ಬಸ್ಸಿನಲ್ಲಿ ಅವನು ಮುಖ ಗಂಟುಹಾಕುವ ಅಭ್ಯಾಸ ಮಾಡಿದ. ಹುಬ್ಬು ಕೂಡಿಸಿದ, ತುಟಿ ಬಿಗಿಹಿಡಿದ, ಮೂಗು ಅರಳಿಸಿದ. ಸಸ್ತಾಪುರ ಬಂಗ್ಲಾ ಬರುವ ಹೊತ್ತಿಗೆ ಪಕ್ಕದ ಮುದುಕಿ, "ಹೊಟ್ಟಿ ತೊಳಸಾಕತ್ತದೇನಪ್ಪಾ? ಕಿಡಕಿ ಕಡೆ ಕೂಡು, ನನ್ನ ಮ್ಯಾಲ ಮಾಡಬ್ಯಾಡ" ಎಂದು ಜಾಗ ಬದಲಾಯಿಸಿಕೊಂಡಳು. ರಾಜೇಶ್ವರ ದಾಟಿದ ಮೇಲೆ ಅವಳು ಕೊಟ್ಟ ಪೇರಲೆ ಹಣ್ಣು ತಿಂದು ಅವನು ಅಭ್ಯಾಸ ನಿಲ್ಲಿಸಿದ.

ನಿಲ್ದಾಣಕ್ಕೆ ಮಾವ ನಾಗನಾಥರು ತಾವೇ ಬಂದಿದ್ದರು. ಮಾಣಿಕನಗರದಲ್ಲಿ ಮಠದ ಹತ್ತಿರ ಅವರದು ಹೂವು, ತೆಂಗಿನಕಾಯಿಯ ಅಂಗಡಿ. ಹಬ್ಬದ ಗದ್ದಲದಲ್ಲಿ ಅಂಗಡಿ ಬಿಟ್ಟು ಬರುವುದೆಂದರೆ ಸಣ್ಣ ಮಾತಲ್ಲ. ಅಳಿಯನ ಚೀಲ ಹೆಗಲಿಗೇರಿಸಿಕೊಂಡು ಮನೆಗೆ ಕರೆತಂದರು. ಅಳಿಯ ಬರುತ್ತಾನೆಂದು ನಡುಮನೆಗೆ ಗಿಳಿಹಸಿರು ಬಣ್ಣ ಹೊಡೆಸಿದ್ದರು. ಆ ಬಣ್ಣ ನೋಡಿದರೆ ಕಣ್ಣಿನಲ್ಲಿ ನೀರು ಬರುತ್ತಿತ್ತು ಎನ್ನುವುದು ನಿಜ, ಆದರೆ ಪ್ರೀತಿಯಿಂದ ಹೊಡೆಸಿದ ಬಣ್ಣ.

ದೀಪಾಲಿ ಹದಿನೈದು ದಿನ ಮೊದಲೇ ತವರಿಗೆ ಬಂದಿದ್ದಳು. ಬಾಗಿಲಿಗೆ ಬಂದವಳು ಗಂಡನ ಮುಖ ನೋಡಲಿಲ್ಲ, ಅವನ ಕಣ್ಣು ನೋಡಿದಳು. ಅದು ಮೇಲೆ ಏಳುತ್ತದೋ ಇಲ್ಲವೋ ಎಂದು. ಮಾಳಿಗೆಯ ಮೇಲೆ ಬಿದಿರಿನ ಗಳಕ್ಕೆ ಹಗ್ಗ ಕಟ್ಟಿ ಅವಳು ತನ್ನ ಕೈಯಾರೆ ಮಾಡಿದ ಆಕಾಶಬುಟ್ಟಿ ತೂಗುತ್ತಿತ್ತು. ಅಂಗಡಿಯಿಂದ ತಂದದ್ದಲ್ಲ. ಕಡ್ಡಿ ಸೀಳಿ, ಬಾಗಿಸಿ, ಅಂಟು ಹಚ್ಚಿ, ಪಕ್ಕದ ಮನೆಯ ತಾಹೇರಾಳಿಂದ ಬಟ್ಟೆ ಹೊಲಿಯುವ ಕತ್ತರಿ ಇಸಿದುಕೊಂಡು ಬಣ್ಣದ ಕಾಗದದಲ್ಲಿ ಬಳ್ಳಿ ಕತ್ತರಿಸಿ ಮಾಡಿದ್ದು. ದಿನಾ ಫೋನಿನಲ್ಲಿ ಅದೇ ಸುದ್ದಿ ಹೇಳಿದ್ದಳು. ಫೋಟೋ ಮಾತ್ರ ಕಳಿಸಿರಲಿಲ್ಲ, ಬಂದೇ ನೋಡಲಿ ಎಂದು.

ವೀರಭದ್ರ ನೋಡಲಿಲ್ಲ. ನಾಳೆ ಹೇಗೆ ಸಿಟ್ಟಾಗುವುದು ಎಂಬ ಚಿಂತೆಯಲ್ಲಿ ತಲೆ ತಗ್ಗಿಸಿ, ಚಪ್ಪಲಿ ಬಿಟ್ಟು ಒಳಗೆ ಹೋದ.

"ಭಾಳ ದಣದಾರ ಕಾಣ್ತದ" ಎಂದಳು ದೀಪಾಲಿ ತನ್ನ ತಾಯಿಗೆ. ಆ ದನಿಯಲ್ಲಿ ಆಗಲೇ ಸ್ವಲ್ಪ ಹುಳಿ ಇತ್ತು.

ಮರುದಿನ ಚತುರ್ದಶಿ. ಎಣ್ಣೆ ಸ್ನಾನವಾಯಿತು, ಹೊಸ ಬಟ್ಟೆಯಾಯಿತು. ಮಧ್ಯಾಹ್ನ ತಾಟು ಹಾಕಿದರು. ಅತ್ತೆ ಲಲಿತಾಬಾಯಿ ನಸುಕಿನಲ್ಲೇ ಎದ್ದು ಮಾಡಿದ ಹೂರಣದ ಹೋಳಿಗೆ, ಅದರ ಮೇಲೆ ತುಪ್ಪ. ವೀರಭದ್ರನ ಬಾಯಲ್ಲಿ ನೀರೂರಿತು. ಕಣ್ಣುಮುಚ್ಚಿ ಕಾಕಾನನ್ನು ನೆನೆದು ತಾಟನ್ನು ನಾಲ್ಕು ಬೆರಳು ಆಚೆ ಸರಿಸಿದ.

ಯಾರೂ ಗಮನಿಸಲಿಲ್ಲ. ಚೆಂಡುಹೂವಿನ ಗಾಡಿ ಇನ್ನೂ ಬಂದಿಲ್ಲವೆಂದು ನಾಗನಾಥರು ಫೋನಿನಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಲಲಿತಾಬಾಯಿ, ಅಳಿಯ ಜಾಗ ಮಾಡಿಕೊಟ್ಟನೆಂದು ತಿಳಿದು, ಖಾಲಿಯಾದ ಜಾಗದಲ್ಲಿ ಕಟ್ಟಿನ ಸಾರಿನ ಬಟ್ಟಲು ತಂದಿಟ್ಟಳು. ಅವನು ಅದನ್ನೂ ಸರಿಸಿದ. ಅವಳು ಅಲ್ಲಿ ಭಜಿ ಇಟ್ಟಳು. ಸಿಟ್ಟಾಗುವುದು ಇಷ್ಟು ಕಷ್ಟವೆಂದು ಕಾಕಾ ಹೇಳಿರಲಿಲ್ಲ. ಕೊನೆಗೆ ಅವನು ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಕುಳಿತ. ಹೋಳಿಗೆ ಕಣ್ಣಿಗೆ ಬೀಳದಿದ್ದರೆ ಸಾಕಾಗಿತ್ತು ಅವನಿಗೆ.

"ಯಾಕ್ರಿ?" ಎಂದಳು ದೀಪಾಲಿ.

"ಏನಿಲ್ಲ."

ಈ 'ಏನಿಲ್ಲ' ಎಂಬ ಮಾತನ್ನು ಮೊದಲು ಆಡಿದವನು ಕೈಗೆ ಸಿಕ್ಕಿದರೆ ನಾಲ್ಕು ಬಿಗಿಯಬೇಕು. ಏನೋ ಇದೆ ಅಂದರೆ ಒಂದೇ ಮಾತು, ಕೇಳಿ ಮುಗಿಸಬಹುದು. ಏನಿಲ್ಲ ಅಂದರೆ ಮನೆಯ ಮಂದಿಯೆಲ್ಲ ಇರುವುದನ್ನೆಲ್ಲ ಹುಡುಕಬೇಕು.

"ಉಪ್ಪು ಜಾಸ್ತಿ ಆತೇನ್ರಿ ಅಳಿಯಾರ?" ಎಂದಳು ಲಲಿತಾಬಾಯಿ.

"ಏನಿಲ್ರಿ ಅತ್ತಿ."

ನಾಗನಾಥರು ಫೋನು ಇಟ್ಟರು. ಅವರೂ ಒಂದು ಕಾಲದಲ್ಲಿ ಅಳಿಯನಾಗಿದ್ದವರು, ರೀತಿ ಗೊತ್ತಿದ್ದವರು. ಸುಮ್ಮನೆ ಎದ್ದು ಹೋಗಿ ಕಪಾಟಿನಿಂದ ಒಂದು ಡಬ್ಬಿ ತಂದರು. ಒಳಗೆ ಕೈಗಡಿಯಾರ.

"ಪಾಡ್ಯದ ದಿನ ಕೊಡಬೇಕಂತ ಇಟ್ಟಿದ್ದೆ. ಇರಲಿ, ಇವತ್ತೇ ಕಟ್ಕೋರಿ. ಊಟಕ್ಕ ಏಳ್ರಿ."

ಛಲೋ ಗಡಿಯಾರ. ವೀರಭದ್ರನ ಕೈ ತಾನೇ ಮುಂದೆ ಹೋಯಿತು. ಮೊದಲು ಕೊಟ್ಟದ್ದನ್ನು ಬೇಡ ಅನ್ನಬೇಕು ಎಂಬ ನಿಯಮ ನೆನಪಾಗಿ ಹಿಂದೆ ಬಂತು.

"ಬ್ಯಾಡ್ರಿ ಮಾವಾರ."

ನಾಗನಾಥರ ಕಿವಿ ಕೆಂಪಾದವು. ಅಳಿಯನ ಮುಂದೆ ಏನೂ ಅನ್ನುವಂತಿಲ್ಲ. ಒಳಗೆ ಹೋಗಿ ಹೆಂಡತಿಯ ಮೇಲೆ ಹರಿಹಾಯ್ದರು. "ಗಡಿಯಾರ ಬ್ಯಾಡಂತ. ಹಂಗಾದ್ರ ಏನು ಬೇಕಂತ? ನನ್ನ ತಲಿ ಬೇಕಂತೇನು?"

"ನನ್ನ ಮ್ಯಾಲ ಯಾಕ ಒದರತೀರಿ? ಬಡ್ಕೊಂಡಿದ್ದೆ ನಾ, ಗಿಳಿಹಸರು ಬ್ಯಾಡ ಅಂತ. ಅಳಿಯಾರು ಒಂದೇ ಸವನ ಗ್ವಾಡೀ ನೋಡಾಕತ್ತಾರ, ಕಣ್ಣಿಲ್ಲೇನು ನಿಮಗ?"

"ಬಣ್ಣದ ಸಲುವಾಗಿ ಯಾರರ ಊಟ ಬಿಡ್ತಾರೇನು?"

"ಬಿಟ್ಟಾರಲ್ಲ."

ಅಮಾವಾಸ್ಯೆಯ ಬೆಳಿಗ್ಗೆ ಬಣ್ಣ ಹೊಡೆಯುವ ಸಂಜೀವಕುಮಾರ ಬಂದ. ಬಂದ ಎನ್ನುವುದಕ್ಕಿಂತ ನಾಗನಾಥರು ಅವನನ್ನು ಹಬ್ಬದ ಹೊಸ ಅಂಗಿಯಲ್ಲೇ ಗಾಡಿಯ ಮೇಲೆ ಕೂರಿಸಿಕೊಂಡು ತಂದರು. ಅವನೂ ಕುದಿಯುತ್ತಿದ್ದ.

"ಹದಿನೈದು ದಿನ ಆಗಿಲ್ರಿ ಹೊಡದು. ಅಮಾಸಿ ದಿನ ಬ್ರಶ್ ಹಿಡದ್ರ ವರ್ಷಪೂರ್ತಿ ಹಿಡೀಬೇಕಾಗ್ತದ."

"ಹಿಡಿ. ನಿನ್ನ ಧಂದಾನೇ ಅದಲ್ಲ."

ನಡುಮನೆಯ ಮಂಚ, ಕುರ್ಚಿ, ಗಾಜಿನ ಕಪಾಟು, ಕರಚಿಕಾಯಿ ಚಕ್ಕುಲಿಯ ಡಬ್ಬಿಗಳು ಎಲ್ಲ ಓಣಿಗೆ ಬಂದವು. ಹಬ್ಬದ ದಿನ ಮನೆಯ ಸಾಮಾನು ಹೊರಗೆ ಬಿದ್ದದ್ದನ್ನು ನೋಡಿದರೆ ಓಣಿ ಸುಮ್ಮನಿರುತ್ತದೆಯೇ? ಯಾರೋ ಜಪ್ತಿ ಅಂದರು, ಯಾರೋ ಹಾವು ಹೊಕ್ಕಿದೆ ಅಂದರು. ತಾಹೇರಾ ತನ್ನ ಮಷಿನ್ ಬಿಟ್ಟು ಬಂದು, "ಏನ್ ಭಾಬಿ, ಮನಿ ಖಾಲಿ ಮಾಡಾಕತ್ತೀರೇನು?" ಎಂದು ಕೇಳಿದಳು.

"ಅಳಿಯಾರಿಗಿ ಬಣ್ಣ ಪಸಂದ ಬಂದಿಲ್ಲ" ಎಂದಳು ಲಲಿತಾಬಾಯಿ, ಹಲ್ಲು ಕಚ್ಚಿ.

"ಅಳಿಯಾರು ಇಲ್ಲಿ ಎಷ್ಟು ದಿನ ಇರ್ತಾರ?"

"ನಾಳಿ ಮುಂಜಾನಿ ಹೋಗ್ತಾರ."

ತಾಹೇರಾ ಕರಚಿಕಾಯಿಯ ಡಬ್ಬಿಗೆ ಇರುವೆ ಹತ್ತದಂತೆ ಎತ್ತಿ ತನ್ನ ಮನೆಯೊಳಗೆ ಇಟ್ಟುಕೊಂಡಳು.

ಇಷ್ಟೆಲ್ಲ ನಡೆಯುವಾಗ ಸಿಟ್ಟಿನ ಅಳಿಯ ಎಲ್ಲಿದ್ದ? ನಿನ್ನೆ ಮಧ್ಯಾಹ್ನದಿಂದ ಚಹಾ ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ, ಕಣ್ಣು ಕತ್ತಲೆ ಬರುತ್ತಿತ್ತು. ಕಾಕಾನಿಗೆ ಫೋನು ಮಾಡಿದರೆ, "ತಾಳು, ತಾಳು. ಬಣ್ಣ ಬದಲ್ ಮಾಡಾಕತ್ತಾರ ಅಂದ್ರ ನಮ್ಮ ಕಿಮ್ಮತ್ತು ಏರಾಕತ್ತದ, ಏರಾಕತ್ತದ" ಎಂಬ ಉತ್ತರ. ಕಾಕಾನ ಹಿಂದೆ ಕುಕ್ಕರಿನ ಸೀಟಿ ಕೇಳುತ್ತಿತ್ತು. ವೀರಭದ್ರ ಹಿಂಬಾಗಿಲಿನಿಂದ ಹೊರಬಿದ್ದು, ಆಟೋ ಹಿಡಿದು ಮಾಣಿಕನಗರಕ್ಕೆ ಹೋಗಿ, ಒಂದು ತಳ್ಳುಬಂಡಿಯ ಮುಂದೆ ನಿಂತು ಮೂರು ತಾಟು ಮಿರ್ಚಿ ಭಜಿ ತಿಂದ. ಮಾವನ ಅಂಗಡಿ ಇರುವ ಊರಿಗೇ ಕದ್ದು ತಿನ್ನಲು ಹೋಗುವ ಬುದ್ಧಿ ಇವನಿಗೇ ಬರಬೇಕು. ಮಾವನ ಅಂಗಡಿಯ ಪಕ್ಕದಲ್ಲಿ ಕರ್ಪೂರ, ಊದುಬತ್ತಿ ಮಾರುವ ದೇವಿಂದ್ರಪ್ಪ ನೋಡಿದ. ನೋಡಿದವನು ಅಂಗಡಿಗೆ ಅರ್ಧ ಪರದೆ ಎಳೆದು ನೇರ ನಾಗನಾಥರ ಮನೆಗೆ ಬಂದ.

"ಅಳಿಯಾರು ಬಂಡಿ ಮ್ಯಾಲ ಭಜಿ ತಿನ್ನಾಕತ್ತಾರ್ರಿ. ಮೂರು ತಾಟು. ನಾ ಎಣಿಸೀನಿ."

ನಾಗನಾಥರ ತಲೆ ಕೆಟ್ಟು ಹೋಯಿತು. "ನನ್ನ ಮನ್ಯಾಗಿನ ಹೋಳಿಗಿ ಬ್ಯಾಡ, ಬಂಡಿ ಮ್ಯಾಲಿನ ಭಜಿ ಬೇಕು. ಎಂಥಾ ಅಳಿಯನ್ನ ಮಾಡ್ಕೊಂಡೆ ನಾ."

"ಸಿಟ್ಟಿಗಿ ಬರಬ್ಯಾಡ್ರಿ. ವಿಚಾರ ಮಾಡ್ರಿ" ಎಂದ ದೇವಿಂದ್ರಪ್ಪ. ವಿಚಾರ ಮಾಡುವುದೆಂದರೆ ಅವನಿಗೆ ಪಂಚಪ್ರಾಣ. "ಹೊರಗ ಉಣ್ತಾರ ಅಂದ ಮ್ಯಾಲ ಹೊಟ್ಟಿ ನೆಟ್ಟಗ ಅದ. ಮನ್ಯಾಗೇ ಏನೋ ಒಂದು ಅವರ ಕಣ್ಣಿಗಿ ಚುಚ್ಚಾಕತ್ತದ. ಬಾಯಿಲೆ ಹೇಳಂಗಿಲ್ಲ, ದೊಡ್ಡ ಮಂದಿ. ಅವರ ಕಣ್ಣು ಎಲ್ಲಿಗಿ ಹೋಗ್ತದ ನೋಡ್ಕೋತ ಇರ್ರಿ."

ಹೊಟ್ಟೆ ತುಂಬಿದ ವೀರಭದ್ರ ಅಷ್ಟರಲ್ಲಿ ಓಣಿಗೆ ಬಂದ. ಎರಡು ದಿನದಲ್ಲಿ ಮೊದಲ ಸಲ ಅವನ ತಲೆ ಮೇಲೆ ಎದ್ದಿತು. ಬಿಸಿಲಿತ್ತು, ಗಾಳಿ ಇತ್ತು. ಮಾಳಿಗೆಯ ಮೇಲೆ ದೀಪಾಲಿಯ ಆಕಾಶಬುಟ್ಟಿ ಮೆಲ್ಲಗೆ ತಿರುಗುತ್ತಿತ್ತು. ಕೇಸರಿ ಕಾಗದದ ಮೇಲೆ ಬಿಳಿ ಬಳ್ಳಿ, ಬಳ್ಳಿಯ ತುಂಬ ಸಣ್ಣ ಎಲೆ, ಒಂದೊಂದು ಎಲೆಯ ನರವನ್ನೂ ಬಿಡಿಸಿ ಕತ್ತರಿಸಿದ್ದಳು. ಬಾಲಗಳು ಗಾಳಿಗೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಇದನ್ನು ನನ್ನ ಹೆಂಡತಿ ಮಾಡಿದಳೇ ಎಂದು ಅವನಿಗೆ ಹೊಟ್ಟೆಯೊಳಗಿಂದ ಹಿಗ್ಗು ಬಂತು. ಅವಳು ಇಷ್ಟು ದಿನ ಫೋನಿನಲ್ಲಿ ಹೇಳಿದ್ದು ಈಗ ಅರ್ಥವಾಯಿತು. ಆದರೆ ಮಾವ ಬಾಗಿಲಲ್ಲೇ ನಿಂತಿದ್ದರಲ್ಲ, ಸಿಟ್ಟಿನಲ್ಲಿರುವವನು ಹಿಗ್ಗುವಂತಿಲ್ಲವಲ್ಲ. ಹುಬ್ಬು ಗಂಟುಹಾಕಿಕೊಂಡೇ, ತುಟಿ ಬಿಗಿಹಿಡಿದುಕೊಂಡೇ, ಕಣ್ಣು ಕೀಳದೆ ನೋಡುತ್ತ ನಿಂತ.

"ನೋಡ್ರಿ" ಎಂದ ದೇವಿಂದ್ರಪ್ಪ, ಮೆಲ್ಲಗೆ. "ಅದರ ಮ್ಯಾಲೇ ಅದ ಕಣ್ಣು."

ನಾಗನಾಥರು ಮಾಳಿಗೆ ಏರಿ ಹಗ್ಗ ಬಿಚ್ಚಿದರು. ಬುಟ್ಟಿ ತೂಗಾಡುತ್ತ ಕೆಳಗಿಳಿಯಿತು.

ವೀರಭದ್ರ ಎರಡು ಹೆಜ್ಜೆ ಮುಂದೆ ಬಂದ. "ಮಾವಾರ, ಅದು..."

"ತಿಳೀತು ಬಿಡ್ರಿ. ನೀವು ಹೇಳೋದು ಬ್ಯಾಡ. ತಗದೀನಿ."

"ಹಂಗಲ್ರಿ, ಅದು..."

ಆಗಲೇ ಅವನ ಕಿಸೆಯಲ್ಲಿ ಫೋನು ಬಡಕೊಂಡಿತು. ಕಾಕಾ. ಎತ್ತದಿದ್ದರೆ ಎತ್ತುವವರೆಗೆ ಮಾಡುವ ಮನುಷ್ಯ. "ಏನಾತು? ಏನಾತು?" ಎಂದು ಅವರು ಕೇಳುವಷ್ಟರಲ್ಲಿ ನಾಗನಾಥರು ಇಳಿದು ಬಂದು ಬುಟ್ಟಿಯನ್ನು ಬಾಗಿಲ ಪಕ್ಕಕ್ಕೆ ಇಟ್ಟರು. ಸಂಜೀವಕುಮಾರ ಒಳಗಿನಿಂದ ಏಣಿ ಹೊತ್ತು, ಅಮಾವಾಸ್ಯೆಯನ್ನೂ ಅಳಿಯಂದಿರನ್ನೂ ಬೈಯುತ್ತ, ಹಿಂದುಮುಂದಾಗಿ ಹೊರಬಂದ. ಏಣಿಯ ಒಂದು ಕಾಲು ಬುಟ್ಟಿಯ ನಟ್ಟನಡುವೆ ಇಳಿಯಿತು. ಕಡ್ಡಿಗಳು ಒಂದೊಂದಾಗಿ ಮುರಿದದ್ದು ಎಲ್ಲರಿಗೂ ಕೇಳಿಸಿತು.

ಇದೇ ಹೊತ್ತಿಗೆ ದೀಪಾಲಿ ಬರಬೇಕೇ? ಅಂಗಡಿಯ ಲಕ್ಷ್ಮೀಪೂಜೆಗೆ ಹೂಮಾಲೆ ಕಟ್ಟಿಸಿ ಬರಲು ಹೋದವಳು ತಟ್ಟೆ ಹಿಡಿದು ಬಂದಳು. ಬುಟ್ಟಿ ನೋಡಿದಳು. ಏಣಿ ನೋಡಿದಳು. ಸಂಜೀವಕುಮಾರ ಏಣಿಯ ಕಾಲು ಹಿರಿದುಕೊಂಡು, "ನನ್ನ ತಪ್ಪಿಲ್ಲವಾ, ನನಗ ಹಿಂದ ಕಣ್ಣಿಲ್ಲ" ಎಂದ.

"ಯಾರು ಇಳಸಿದ್ದು?"

"ನಾನೇ ಇಳಸೀನಿ" ಎಂದರು ನಾಗನಾಥರು. "ಏನು ಮಾಡ್ಲಿ? ನಿನ್ನ ಗಂಡಗ ಅದು ಸೇರಲಿಲ್ಲ. ಅದರ ಸಲುವಾಗಿ ಎರಡು ದಿನ ಆತು ಉಂಡಿಲ್ಲ."

ತಾಹೇರಾ ತನ್ನ ಬಾಗಿಲಿನಿಂದಲೇ ಕೂಗಿದಳು. "ಬೆರಳು ಕೊಯ್ಕೊಂಡು ಮಾಡ್ಯಾಳ್ರಿ ಹುಡುಗಿ. ನಾ ಪಟ್ಟಿ ಕಟ್ಟೀನಿ. ಇದು ಸೇರಲಿಲ್ಲಂದ್ರ ನಿಮಗ ಏನು ಸೇರ್ತದ, ದುಲ್ಹೇ ಭಾಯಿ?"

ದೀಪಾಲಿ ಗಂಡನ ಮುಂದೆ ಬಂದು ನಿಂತಳು. ಅವಳ ಎಡಗೈ ಬೆರಳಿಗೆ ಕಟ್ಟಿದ್ದ ಪಟ್ಟಿಯನ್ನು ಅವನು ಆಗ ಮೊದಲ ಸಲ ನೋಡಿದ.

"ನನಗ ಒಂದೇ ಹೇಳ್ರಿ. ಏನು ಕಾರಣ?"

ಒಂದು ಮಾತು. ಭಾಳ ಚಂದ ಅದ ಅಂತ ನೋಡಾಕತ್ತಿದ್ದೆ ಅಂದರೆ ಮುಗಿಯಿತು. ನಾಲಗೆಯ ತುದಿಗೆ ಬಂದಿತ್ತು. ಆದರೆ ಸುತ್ತ ಮಾವ, ದೇವಿಂದ್ರಪ್ಪ, ಬಣ್ಣದವನು, ಅರ್ಧ ಓಣಿ. ಇವರೆಲ್ಲರ ಮುಂದೆ, ಎರಡು ದಿನ ಉಪವಾಸ ಕುಳಿತು ಮನೆಯ ಬಣ್ಣ ಬದಲಿಸಿದವನು, ನನಗೆ ಯಾವ ಕಾರಣವೂ ಇರಲಿಲ್ಲ ಎಂದು ಹೇಗೆ ಹೇಳುವುದು? ಕೈಯಲ್ಲಿದ್ದ ಫೋನಿನಿಂದ ಕಾಕಾನ ದನಿ ಸಣ್ಣಗೆ ಬರುತ್ತಲೇ ಇತ್ತು. "ಹೇಳಬ್ಯಾಡ, ಹೇಳಬ್ಯಾಡ."

"ಏನಿಲ್ಲ" ಎಂದ ವೀರಭದ್ರ.

ಥೂ ಇವನ. ಇಲ್ಲಿ ಕಥೆ ಹೇಳುವವರಿಗೂ ತಾಳ್ಮೆ ಹೋಗುತ್ತದೆ.

ದೀಪಾಲಿ ಅಳಲಿಲ್ಲ, ಕೂಗಾಡಲಿಲ್ಲ. "ಆತು" ಎಂದು ಒಳಗೆ ಹೋದಳು. ಆ ದಿನ ಅವಳೂ ಉಣ್ಣಲಿಲ್ಲ. ಮಗಳ ತಾಟು ಹಾಗೇ ಇದೆಯೆಂದು ತಾಯಿಯ ಹೊರತು ಯಾರಿಗೂ ತಿಳಿಯಲಿಲ್ಲ. ಅಳಿಯ ಉಂಡರೋ ಇಲ್ಲವೋ ಎಂದು ಕೇಳಲು ಮಾತ್ರ ಓಣಿಯಿಂದ ನಾಲ್ಕು ಮಂದಿ ಬಂದು ಹೋದರು.

ಪಾಡ್ಯದ ಬೆಳಿಗ್ಗೆ ವೀರಭದ್ರ ಸ್ನಾನ ಮುಗಿಸಿ ಬಂದರೆ ಮನೆಯಲ್ಲಿ ಗದ್ದಲ. ದೀಪಾಲಿ ಇಲ್ಲ. ಚೀಲ ತುಂಬಿಕೊಂಡು, ತಾಯಿಗೆ ನಮಸ್ಕಾರ ಮಾಡಿ, ಏಳು ಗಂಟೆಯ ಬಸ್ಸಿಗೆ ಬಸವಕಲ್ಯಾಣಕ್ಕೆ ಹೋಗಿದ್ದಳು, ಒಬ್ಬಳೇ. ಹಿಂದಿನ ಕಾಲವಾಗಿದ್ದರೆ ಗಂಡನ ಮೇಲೆ ಸಿಟ್ಟಾದ ಹೆಣ್ಣುಮಗಳು ಟಿಕೀಟಿಗಾದರೂ ಯಾರನ್ನೋ ಕೇಳಬೇಕಿತ್ತು. ಈಗ ಆಧಾರ್ ಕಾರ್ಡು ತೋರಿಸಿದರೆ ಸಾಕು, ಕಂಡಕ್ಟರ್ ಚೀಟಿ ಹರಿದು ಕೊಡುತ್ತಾನೆ.

"ತವರಿಗಿ ಬಂದು ಕುಂತಿದ್ರ ಕರ್ಯಾಕ ಗಂಡನ ಮನ್ಯಾವರು ಬರ್ತಿದ್ರು, ಅದೊಂದು ರೀತಿ" ಎಂದು ನಾಗನಾಥರು ನೆಲ ಒದೆಯುತ್ತಿದ್ದರು. "ಇಕಿ ಗಂಡನ್ನ ತವರಿನ್ಯಾಗ ಬಿಟ್ಟು ಗಂಡನ ಮನಿಗಿ ಹೋಗ್ಯಾಳ. ಈಗ ಯಾರು ಯಾರನ್ನ ಕರ್ಯಾಕ ಹೋಗಬೇಕು?"

ಇದಕ್ಕೆ ದೇವಿಂದ್ರಪ್ಪನ ವಿಚಾರವೂ ಓಡಲಿಲ್ಲ. ಕಾಕಾನಿಗೆ ಫೋನು ಹೋಯಿತು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ 'ಮಾಹಿತಿ ಇಲ್ಲ' ಎಂದು ಅವರು ಒಂದೇ ಸಲ ಹೇಳಿ ಇಟ್ಟರು.

ಎಲ್ಲರೂ ಅರ್ಧ ಕೆನೆಬಣ್ಣ, ಅರ್ಧ ಗಿಳಿಹಸಿರಾಗಿದ್ದ ನಡುಮನೆಯಲ್ಲಿ ಕುಳಿತರು. ಅಳಿಯನಿಗೆ ಹೋಗು ಅನ್ನುವಂತಿಲ್ಲ. ಕುಳಿತುಕೋ ಅಂದರೆ ಹೊತ್ತು ಒಂಬತ್ತಾಯಿತು. ಕೊನೆಗೆ ಲಲಿತಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಅಡುಗೆಮನೆಯಿಂದ ಬಂದಳು. ಎರಡು ದಿನ ನುಂಗಿದ್ದೆಲ್ಲ ಒಮ್ಮೆಗೇ ಹೊರಬಂತು.

"ಅಳಿಯಾರ, ನಿಮಗ ಏನು ಬೇಕಂತ ನಾ ಕೇಳಂಗಿಲ್ಲ. ಕೇಳಿ ಕೇಳಿ ಸಾಕಾಗ್ಯಾದ. ನನ್ನ ಮಗಳು ಮೊದಲನೇ ಪಾಡ್ಯಕ್ಕ ಒಬ್ಬಾಕಿ ಬಸ್ ಹತ್ಯಾಳ. ನಿಮ್ಮ ಅವ್ವ ಬಾಗಲಾಗ ನಿಂತು, ಗಂಡ ಎಲ್ಲಿ ಅಂದ್ರ ಏನು ಹೇಳಬೇಕು ಆಕಿ? ಏನಿಲ್ಲ ಅನ್ನಬೇಕೇನು? ಒಂಬತ್ತೂವರಿಗಿ ಬಸ್ ಅದ. ಏಳ್ರಿ."

ಮೂರು ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನೆಟ್ಟಗೆ ಆಡಿದ ಮೊದಲ ಮಾತು ಅದು. ವೀರಭದ್ರ ಎದ್ದ.

ಹಬ್ಬದ ಬಸ್ಸು, ತಾಸು ತಡವಾಗಿ ಬಂತು, ಕಾಲಿಡಲು ಜಾಗವಿಲ್ಲ. ಹುಮನಾಬಾದಿನಿಂದ ಬಂಗ್ಲಾವರೆಗೆ ಒಂದೇ ಕಾಲಿನ ಮೇಲೆ ನಿಂತು ಬಂದ. ಮುಖ ಗಂಟಿಕ್ಕುವ ಅಭ್ಯಾಸ ಬೇಕಾಗಲಿಲ್ಲ, ಅದು ತಾನೇ ಗಂಟಿಕ್ಕಿಕೊಂಡಿತ್ತು. ಕಾಕಾನ ಮೇಲೆ ಸಿಟ್ಟು, ಏಣಿಯ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಬಾಯಿಯ ಮೇಲೆ ಸಿಟ್ಟು. ಅವನ ಜೀವಮಾನದ ಮೊದಲ ಖರೇ ಸಿಟ್ಟು, ತೋರಿಸಲು ಒಬ್ಬರೂ ಇರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಓಣಿಗೆ ಬಂದ. ಬಾಗಿಲಲ್ಲಿ ರಂಗೋಲಿ ಬಿದ್ದಿತ್ತು. ಐದು ಮಂದಿ ಮುತ್ತೈದೆಯರು ಪಡಸಾಲೆಯಲ್ಲಿ ಕುಳಿತು ಕುಳಿತು ಬೇಸತ್ತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಮೂಲೆಯಲ್ಲಿ ಮಹಾರುದ್ರಪ್ಪನವರು ಊಟಕ್ಕೆ ಮೊದಲೇ ಬಂದು ಕುಳಿತಿದ್ದರು. ಅವ್ವ ಹೊಸಿಲಿನಲ್ಲಿ ನಿಂತಿದ್ದಳು. ಅವಳ ಹಿಂದೆ ದೀಪಾಲಿ, ಕೈಯಲ್ಲಿ ಹಚ್ಚದ ಆರತಿ.

"ಸೊಸಿ ಒಬ್ಬಾಕಿ ಬಂದಾಳ" ಎಂದಳು ಅವ್ವ. "ಏನಾಗ್ಯಾದ ಅಂತ ನಾ ಕೇಳಿದ್ರ, 'ನನಗ ಗೊತ್ತಿಲ್ರಿ ಅತ್ತಿ, ಅವರಿಗೇ ಕೇಳ್ರಿ' ಅಂತಾಳ. ಹೇಳು. ಅತ್ತಿಮನ್ಯಾಗ ಏನು ಕಡಿಮಿ ಆಗಿತ್ತು ನಿನಗ?"

ಹೊಸಿಲಿನ ಆಚೆ ನಿಂತು ವೀರಭದ್ರ ಒಮ್ಮೆ ಕಾಕಾನ ಕಡೆ ನೋಡಿದ. ಕಾಕಾ ತಲೆ ಅಲ್ಲಾಡಿಸುತ್ತಿದ್ದರು, ಬೇಡ ಬೇಡ ಎಂದು. ಆಮೇಲೆ ಹೆಂಡತಿಯ ಬೆರಳಿನ ಪಟ್ಟಿ ನೋಡಿದ.

"ಏನೂ ಕಡಿಮಿ ಆಗಿದ್ದಿಲ್ಲವ್ವಾ" ಎಂದ. ಎಲ್ಲರಿಗೂ ಕೇಳುವಂತೆ ಹೇಳಿದ. "ಹೋಳಿಗಿ ಛಲೋ ಇತ್ತು. ಗಡಿಯಾರ ಛಲೋ ಇತ್ತು. ಈಕಿ ಮಾಡಿದ ಆಕಾಶಬುಟ್ಟಿ ನಾ ಎಲ್ಲೂ ನೋಡಿಲ್ಲ ಅಂಥಾದ್ದು, ಅಷ್ಟು ಚಂದ ಇತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಸಿಟ್ಟಾಗಬೇಕಂತ ಕಾಕಾ ಹೇಳಿದ್ರು, ಸಿಟ್ಟಾಗಿ ಕುಂತೆ. ಕಾರಣ ಇದ್ದಿದ್ದೇ ಇಲ್ಲ. ನನ್ನಂಥಾ ಹುಚ್ಚ ಯಾರೂ ಇಲ್ಲ."

ಮುತ್ತೈದೆಯರಲ್ಲಿ ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಹಾರುದ್ರಪ್ಪನವರು ಎದ್ದು, "ಅದು ನಮ್ಮ ರೀತಿ, ನಮ್ಮ..." ಎಂದರು.

"ಮೈದುನಾರ, ನೀವು ಸುಮ್ಮನ ಕೂಡ್ರಿ" ಎಂದಳು ಅವ್ವ. "ಎರಡು ಸಲ ಸುಮ್ಮನ ಕೂಡ್ರಿ."

ಅವರು ಕುಳಿತರು. ಅವ್ವ ಸೊಸೆಯ ಕಡೆ ತಿರುಗಿದಳು. ಐದು ಮಂದಿಯ ಮುಂದೆ ಮನೆಯ ಮಾನ ಹೋಗುತ್ತಿತ್ತು, ಹೇಗಾದರೂ ಇದನ್ನು ಮುಗಿಸಬೇಕಿತ್ತು. ಒಳಗೆ ಹೋಗಿ ಟ್ರಂಕಿನಿಂದ ತನ್ನ ಇಳಕಲ್ ಸೀರೆ ತಂದು ಸೊಸೆಯ ಮುಂದೆ ಹಿಡಿದಳು.

"ತಗೋ ನನ್ನವ್ವಾ. ಹಬ್ಬದ ದಿನ ಅದ. ಸಿಟ್ಟು ಬಿಡು."

ದೀಪಾಲಿ ಸೀರೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು, ಮರಳಿ ಅತ್ತೆಯ ಕೈಯಲ್ಲೇ ಇಟ್ಟಳು. ಆರತಿ ಹಚ್ಚಿದಳು. ಗಂಡನನ್ನು ಒಳಗೆ ಕರೆದು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಮೂರು ಸಲ ಬೆಳಗಿದಳು. ಮುಖದ ಮೇಲೆ ಒಂದು ಗೆರೆಯೂ ಸಡಿಲಾಗಲಿಲ್ಲ.

"ಆರತಿ ಮಾಡೀನ್ರಿ ಅತ್ತಿ. ಅದು ನಿಮ್ಮ ಮಾತಿಗಿ" ಎಂದಳು. "ಸೀರಿ ನೀವೇ ಉಟ್ಕೋರಿ. ಸೀರಿ ಕೊಟ್ರ ಇಳಿಯಾಕ ನಾ ಅಳಿಯ ಅಲ್ಲ. ನಂದು ಖರೇ ಸಿಟ್ಟದ."

ಅಳಿಯನ ಸಿಟ್ಟಾಗಿದ್ದರೆ ಏನು ಮಾಡಬೇಕೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ಎಷ್ಟು ದಿನ ಇರ್ತದ?" ಎಂದ ವೀರಭದ್ರ, ಮಣೆಯ ಮೇಲೆ ಕುಳಿತೇ.

"ಅದು ಹೋಗುತನ ಇರ್ತದ" ಎಂದು ದೀಪಾಲಿ ತಾಟು ಹಾಕಲು ಒಳಗೆ ಹೋದಳು.

ಊಟಕ್ಕೆ ಬಡಿಸಿದಳು. ಎಲ್ಲರ ಹೋಳಿಗೆಗೂ ತುಪ್ಪ ಬಿತ್ತು, ವೀರಭದ್ರನದಕ್ಕೆ ಬೀಳಲಿಲ್ಲ. ಅವನು ಕೇಳಲಿಲ್ಲ. ತಾಟನ್ನು ಹತ್ತಿರ ಎಳೆದುಕೊಂಡು, ಒಣ ಹೋಳಿಗೆ ಮುರಿದು, ಉಂಡ.